ಮಸ್ಕಿಗೆ ಹೋಗಿ ಸಂಜಿಗೆ ಬರೂದು

ನಮ್ಮ ಅವ್ವ ಕೇಳುವ ಪೈಕಿ ಅಲ್ಲ, ಹೇಳುವ ಪೈಕಿ. ಎಂಬತ್ತೆಂಟು ದಾಟಿದರೂ ಆ ಗುಣ ಒಂದು ಎಳೆ ಸವೆದಿಲ್ಲ. ಈ ಚಳಿಗಾಲದ ಒಂದು ಮುಂಜಾನೆ ನಾನು ಚಹಾ ಸೋಸುತ್ತಿದ್ದೆ. ಹೊರಗೆ ಬಂದು ನೋಡಿದರೆ ಆಕೆ ಜಳಕ ಮುಗಿಸಿ, ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ಮಡಿಕೆ ಮುರಿಯದ ಸೀರೆ ಉಟ್ಟು, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಬಾಗಿಲಲ್ಲಿ ಕೂತುಬಿಟ್ಟಿದ್ದಾಳೆ. ದವಾಖಾನೆಗೆ ಹೋಗುವ ದಿನವೂ ಆಕೆ ಇಷ್ಟು ಜಲ್ದಿ ತಯಾರಾದವಳಲ್ಲ.

"ಎಲ್ಲಿಗಬೇ ಸವಾರಿ?" ಅಂದೆ.

"ಮಸ್ಕಿಗೆ. ಹೋಗಿ ಸಂಜಿಗೆ ಬರೂದು. ನೀನೂ ಬಾ."

"ಯಾಕ, ಯಾರರ ಹೋದ್ರೇನು?"

"ಯಾರರ ಸತ್ರನ ಹೋಗಬೇಕೇನ? ಸುಮ್ಮ ಹೋಗೂದು. ಬಸ್ ಸ್ಟ್ಯಾಂಡಿನಾಗ ಒಗ್ಗಾಣಿ ಮಿರ್ಚಿ ತಿನ್ನೂದು, ನಾಕು ಮಂದೀನ ನೋಡೂದು, ಬರೂದು. ಮಂದಿ ಎಲ್ಲಾ ಟ್ರಿಪ್ಪು ಹೋಗಾಕತ್ತಾರ, ನಾವೇನು ಪಾಪ ಮಾಡೀವಿ?"

ಅದೂ ಖರೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ನಮ್ಮ ಓಣಿಯ ಹೆಂಗಸರು ಮನೆಯಲ್ಲಿ ಕಾಲೇ ಇಟ್ಟಿಲ್ಲ. ಸಿಂಧನೂರು ಈಗ ಸಣ್ಣ ಊರೂ ಅಲ್ಲ. ಟ್ರಾಫಿಕ್ಕು, ಹಾರ್ನು, ರೈಸ್ ಮಿಲ್ಲಿನ ಧೂಳು, ಎಲ್ಲಾ ಸಿಟಿಯ ಬ್ಯಾನೆಗಳು ಬಂದಿವೆ, ಒಂದು ದಿನ ಬಿಟ್ಟು ಹೊರಗೆ ಹೋದರೆ ಸಾಕಪ್ಪ ಅನ್ನಿಸುತ್ತದೆ. ಇಲ್ಲಿಂದ ಮಸ್ಕಿಗೆ ತಾಸಿನೊಳಗಿನ ದಾರಿ. ನಾನು ಹುಟ್ಟಿದ ಊರು, ಅವ್ವ ಸೊಸೆಯಾಗಿ ಕಾಲಿಟ್ಟ ಊರು. ಆದರೂ ಅಷ್ಟು ಹತ್ತಿರದ ಊರಿಗೆ ನಾವು ಹೋಗುತ್ತಿದ್ದದ್ದು ಮದುವೆಗೆ, ಇಲ್ಲಾ ಮಣ್ಣಿಗೆ. ಉಂಡ ಕೈ ಒಣಗುವ ಮೊದಲೇ ತಿರುಗಿ ಬರುತ್ತಿದ್ದೆವು. ಸುಮ್ಮನೆ ಹೋಗೂದು ಅನ್ನುವ ಮಾತು ಅವ್ವನ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನನಗೆ ಖುಷಿಯೂ ಆಯಿತು, ಅನುಮಾನವೂ ಬಂತು. ಖುಷಿಯನ್ನು ಹೊರಗೆ ತೋರಿಸಿ, ಚಹಾ ಕುಡಿಸಿ, ಗುಳಿಗೆ ನುಂಗಿಸಿ ಹೊರಡಿಸಿದೆ.

ಬಸ್ಸಿನಲ್ಲಿ ಕಿಟಕಿ ಕಡೆ ಜಾಗ ಸಿಕ್ಕಿತು. ಕಂಡಕ್ಟರ್ ಹುಡುಗ ಬಂದು, "ಅಜ್ಜೀ, ಆಧಾರ ತಗೀರಿ" ಅಂದ. ಅವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನಾ ಹೆಂಗಸು ಹೌದೋ ಅಲ್ಲೋ ಅಂಬೂದಕ್ಕ ನಿನಗ ಕಾರ್ಡು ಬೇಕೇನೋ ತಮ್ಮಾ?"

ಬಸ್ಸು ಪೂರಾ ನಕ್ಕಿತು. ಅವನೂ ನಕ್ಕು ಎರಡು ಟಿಕೀಟು ಹರಿದು ಕೊಟ್ಟು ಮುಂದೆ ಹೋದ. ಅವ್ವ ಟಿಕೀಟನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದಲ್ಲಿ ಇಟ್ಟುಕೊಂಡು ಕಿಟಕಿಗೆ ಮುಖ ಮಾಡಿದಳು. ಊರು ದಾಟಿದ್ದೇ ಭತ್ತದ ಗದ್ದೆ. ಕೊಯ್ದ ಗದ್ದೆಯಲ್ಲಿ ಬೆಳ್ಳಕ್ಕಿಗಳು, ರಸ್ತೆಯ ಬದಿಗೆ ಒಣಗಲು ಹರವಿದ ನೆಲ್ಲು, ಅದನ್ನು ಕಾಲಿನಿಂದ ಎಳೆಯುತ್ತ ನಡೆದಾಡುವ ಹೆಂಗಸರು, ಗದ್ದೆ ಮಾಡಲು ಬಂದು ನೆಲೆಸಿದವರ ಕ್ಯಾಂಪಿನ ಕಡೆಯಿಂದ ಬರುವ ತೆಲುಗು ಹಾಡು. ಅವ್ವ ಎಲ್ಲದಕ್ಕೂ ಒಂದೊಂದು ಮಾತು ಹೇಳುತ್ತಲೇ ಇದ್ದಳು: ಈ ಕಾಲುವೆಗೆ ನೀರು ಬಿಟ್ಟ ವರ್ಷ ಜನ ಹೂವು ಹಾಕಿ ನಮಸ್ಕಾರ ಮಾಡಿದ್ದರು, ನಿಮ್ಮಪ್ಪ ಆ ನೀರು ನೋಡಿಯೇ ಸಿಂಧನೂರಿಗೆ ಅಂಗಡಿ ಎತ್ತಿಕೊಂಡು ಹೋದದ್ದು, ಈ ಕಡೆಯವರು ರೊಟ್ಟಿ ಮರೆತು ಮೂರು ಹೊತ್ತು ಅನ್ನ ಉಣ್ಣುತ್ತಾರೆ, ಅದಕ್ಕೇ ಮೊಣಕಾಲು ನೋವು. ಆಮೇಲೆ ಕಾಲುವೆಯ ಸೀಮೆ ಮುಗಿದು ಎರೆ ಹೊಲ ಶುರುವಾಯಿತು. ಎದೆಮಟ ಜೋಳ, ಅದರ ನಡುವೆ ತೊಗರಿಯ ಸಾಲು. ಕಿಟಕಿಯಿಂದ ಬರುವ ಗಾಳಿಯೇ ಬೇರೆ ಆಯಿತು. ಅವ್ವ ಸೆರಗು ಸರಿ ಮಾಡಿಕೊಂಡಳು.

"ಗಂಗೀ, ನೀಲವ್ವನ್ನ ಒಂದ್ ಮಾತು ಕೇಳಬೇಕಾಗೇತಿ."

"ಏನಂತ?"

"ಗೊತ್ತಿಲ್ಲೇನ ನಿನಗ? ಅವತ್ತು ಕುಂಕುಮ ಹಚ್ಚಿಸಿಕೊಂಡು, ಸಕ್ರಿ ತಿಂದು, ಉಣ್ಣಾಕ ಯಾಕ ಬರಲಿಲ್ಲ ಅಂತ. ನಾ ಸಾಯೂದ್ರೊಳಗ ಆಕಿ ಬಾಯಿಲೆ ಕೇಳಬೇಕು. ಆಕಿನೂ ಏನು ಗಟ್ಟಿ ಇಲ್ಲಂತ."

ನೀಲವ್ವ ಅಂದರೆ ನಮ್ಮ ಚಿಗವ್ವ, ನಮ್ಮ ಕಾಕಾನ ಹೆಂಡತಿ. ಅವ್ವನ ಆ ಒಂದು ಮಾತಿಗೆ ಉತ್ತರ ಚಿಗವ್ವನ ಹತ್ತಿರ ಇರಲಿಲ್ಲ. ಅದು ನನ್ನ ಹತ್ತಿರ ಇತ್ತು. ಅರವತ್ತು ವರ್ಷದಿಂದ ನನ್ನ ಹತ್ತಿರವೇ ಇತ್ತು. 

ಆ ಮನೆಯ ಬಗ್ಗೆ ಹೇಳದೆ ಈ ಮಾತು ಯಾರಿಗೂ ತಿಳಿಯುವುದಿಲ್ಲ. ಮಸ್ಕಿಯ ನಮ್ಮ ಮನೆ ಮಣ್ಣಿನ ಮಾಳಿಗೆಯ ಮನೆ. ಮೊಳ ದಪ್ಪದ ಗೋಡೆ, ಬ್ಯಾಸಿಗೆಯಲ್ಲೂ ಒಳಗೆ ತಣ್ಣಗೆ. ಉದ್ದನೆಯ ಪಡಸಾಲೆ, ಅದರ ಹಿಂದೆ ದೇವರ ಕೋಣೆ, ಅದರ ಪಕ್ಕ ಅಡುಗೆಮನೆ, ಹಿತ್ತಲಲ್ಲಿ ಬೇವಿನ ಗಿಡ ಮತ್ತು ಎಮ್ಮೆ. ಮಾಳಿಗೆಯ ಬೆಳಕಿಂಡಿಯಿಂದ ರೊಟ್ಟಿಯಷ್ಟು ಅಗಲದ ಬಿಸಿಲು ನೆಲಕ್ಕೆ ಬೀಳುತ್ತಿತ್ತು. ಅದು ಬೀಸುಕಲ್ಲಿನ ಹತ್ತಿರ ಬಂತು ಅಂದರೆ ಉಣ್ಣುವ ಹೊತ್ತು. ಅಡುಗೆಮನೆಯಲ್ಲಿ ಒಂದೇ ಒಲೆಯ ಮುಂದೆ ಅವ್ವ ಮತ್ತು ಚಿಗವ್ವ ಎದುರುಬದುರು ಕೂಡುತ್ತಿದ್ದರು. ಅವ್ವ ರೊಟ್ಟಿ ಬಡಿಯುವಳು, ಚಿಗವ್ವ ಬೇಯಿಸುವಳು. ಅವ್ವನ ಬಡಿತಕ್ಕೆ ಚಿಗವ್ವನ ಕೈ ಎಷ್ಟು ಹೊಂದಿಕೊಂಡಿತ್ತೆಂದರೆ ಇಬ್ಬರೂ ಹರಟೆ ಹೊಡೆಯುತ್ತ, ಒಬ್ಬರ ಕೈ ಒಬ್ಬರು ನೋಡದೆ ಐವತ್ತು ರೊಟ್ಟಿ ಮುಗಿಸುತ್ತಿದ್ದರು. ನಾನು ಚಿಗವ್ವನ ಬೆನ್ನಿಗೆ ಆತುಕೊಂಡು ಕೂತು ಉಬ್ಬಿದ ರೊಟ್ಟಿಯ ಮೇಲಿನ ಪದರ ಕಿತ್ತು ತಿನ್ನುತ್ತಿದ್ದೆ. ಚಿಗವ್ವನಿಗೆ ಆಗ ಮಕ್ಕಳಿರಲಿಲ್ಲ. ನನ್ನ ತಲೆ ಬಾಚುವವಳು ಆಕೆ, ಹೇನು ತೆಗೆಯುವವಳು ಆಕೆ, ಜ್ವರ ಬಂದರೆ ರಾತ್ರಿ ಮಗ್ಗುಲಲ್ಲಿ ಹಾಕಿಕೊಂಡು ಮಲಗುವವಳೂ ಆಕೆಯೇ. ನೀನು ಯಾರ ಮಗಳು ಅಂತ ಯಾರಾದರೂ ಕೇಳಿದರೆ ನಾನು ಸ್ವಲ್ಪ ಹೊತ್ತು ವಿಚಾರ ಮಾಡುತ್ತಿದ್ದೆನಂತೆ.

ಅಂಥ ಮನೆ ಒಡೆದದ್ದು ಒಂದು ಬಟ್ಟಲು ಗಿಣ್ಣದಿಂದ. ಎಮ್ಮೆ ಈದಿತ್ತು. ಮೊದಲ ಹಾಲಿನ ಗಿಣ್ಣ ಕಾಸಿ ಅವ್ವ ಮೊದಲ ಬಟ್ಟಲು ಎದುರು ಮನೆಯವರಿಗೆ ಕೊಟ್ಟಳು, ಅವರ ಮನೆಯಲ್ಲಿ ಬಸುರಿ ಇದ್ದಳು ಅಂತ. ಎಮ್ಮೆಗೆ ಹತ್ತು ತಿಂಗಳು ಹುಲ್ಲು ಹಾಕಿದವಳು ಚಿಗವ್ವ. "ಬಂಜಿ ಕೈಯಾಗಿನ ಹುಲ್ಲು ಬೇಕು, ಬಂಜಿಗೆ ಗಿಣ್ಣ ಬ್ಯಾಡ" ಅಂದಳು ಆಕೆ. ಅವ್ವ ಹಾಗೆ ಅಂದುಕೊಂಡಿರಲಿಲ್ಲ. ಆದರೆ ಹಾಗಲ್ಲ ಅಂತ ಹೇಳುವ ಬದಲು, "ಹೊಟ್ಟಿಕಿಚ್ಚಿಗೆ ಔಷಧ ಇಲ್ಲ" ಅಂದುಬಿಟ್ಟಳು. ಆಮೇಲೆ ಏನು ಕೇಳುತ್ತೀರಿ. ತಿಂಗಳಾನುಗಟ್ಟಲೆ ಜಗಳ, ಕಡೆಗೆ ಗಂಡಸರು ಹೈರಾಣಾಗಿ ಪಡಸಾಲೆಯ ನಡುವೆ ಒಂದು ಗೋಡೆ ಎಬ್ಬಿಸಿದರು. ಮುಂಬಾಗಿಲು ನಮ್ಮ ಪಾಲಿಗೆ ಬಂತು, ಚಿಗವ್ವನವರು ಹಿಂದಿನ ಓಣಿಗೆ ಹೊಸ ಬಾಗಿಲು ಕೊರೆಸಿಕೊಂಡರು. ಹಿತ್ತಲಲ್ಲಿ ಬಂಡೆಗಲ್ಲು ನಿಲ್ಲಿಸಿ ಆಳೆತ್ತರದ ಅಡ್ಡಗೋಡೆ ಮಾಡಿದರು. ಪಡಸಾಲೆಯ ಗೋಡೆ ಮಾಳಿಗೆ ಮುಟ್ಟುತ್ತಿರಲಿಲ್ಲ, ಹೊಗೆಯೂ ಮಾತೂ ಆ ಕಡೆಯಿಂದ ಈ ಕಡೆ ದಾಟುತ್ತಿದ್ದವು. ಚಿಗವ್ವ ಅಲ್ಲಿ ಒಬ್ಬಳೇ ಬಡಿದು ಒಬ್ಬಳೇ ಬೇಯಿಸುವ ಸಪ್ಪಳ ಕೇಳಿದರೆ ಅವ್ವ ಬಡಿಯುವುದನ್ನು ನಿಲ್ಲಿಸಿ ಸುಮ್ಮನೆ ಕೂಡುತ್ತಿದ್ದಳು.

ಶ್ರಾವಣ ಬಂತು. ಕಡೇ ಸೋಮವಾರ ಅಯ್ಯನವರನ್ನು ಕರೆದು ಪಾದಪೂಜೆ ಮಾಡಿಸಿ ಪ್ರಸಾದ ಮಾಡುವುದು ನಮ್ಮ ಮನೆಯ ಪದ್ಧತಿ. ಅವ್ವ ನಸುಕಿನಲ್ಲೇ ಎದ್ದು ಹೋಳಿಗೆ ಮಾಡಿದಳು. ಎಲ್ಲ ಮುಗಿದ ಮೇಲೆ ನನ್ನನ್ನು ಹತ್ತಿರ ಕರೆದಳು. ಆಕೆಯ ಮುಖ ಮೆತ್ತಗಾಗಿತ್ತು. ಒಂದು ಬಟ್ಟಲಲ್ಲಿ ಕುಂಕುಮ, ಒಂದು ಚೀಟಿಯಲ್ಲಿ ಸಕ್ಕರೆ ಕಟ್ಟಿ ಕೊಟ್ಟಳು. ನಮ್ಮ ಕಡೆ ಕರೆಯುವುದು ಅಂದರೆ ಹೀಗೆಯೇ: ಬಾಗಿಲಿನಿಂದ ಹೋಗಬೇಕು, ಹೊಸ್ತಿಲು ದಾಟಬೇಕು, ಹಣೆಗೆ ಕುಂಕುಮ ಹಚ್ಚಿ ಅಂಗೈಗೆ ಸಕ್ಕರೆ ಹಾಕಬೇಕು. ಪಕ್ಕದ ಮನೆಯಾದರೂ ಅಷ್ಟೇ, ಒಡಹುಟ್ಟಿದವರಾದರೂ ಅಷ್ಟೇ. ಹಾಗೆ ಕರೆಯದಿದ್ದರೆ ಹಸಿದು ಸತ್ತರೂ ಹೋಗುವುದಿಲ್ಲ. ಹಚ್ಚಿಸಿಕೊಂಡ ಮೇಲೆ ಹೋಗದಿದ್ದರೆ, ಕರೆದವರ ಮುಖಕ್ಕೆ ಉಗುಳಿದ ಹಾಗೆ. ಈಗಲೂ ಫೋನಿನಲ್ಲಿ ಬಂದ ಕರೆಯೋಲೆಯನ್ನು ನಮ್ಮ ಹಿರಿಯರು ಕರೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ.

"ಹಿಂದಿನ ಓಣಿಗೆ ಸುತ್ತು ಹಾಕಿ ದರವಾಜಿಲಿಂದ ಹೋಗು," ಅಂದಳು ಅವ್ವ. "ಹಣಿಗೆ ಹಚ್ಚು, ಸಕ್ರಿ ಕೈಯಾಗ ಹಾಕು. ಅಕ್ಕ ಕರದಾಳ, ನೀ ಬಂದ ಮ್ಯಾಲೆನ ಆಕಿ ಉಣ್ಣಾಕಿ ಅಂತ ಹೇಳು. ಏನಂತ ಹೇಳ್ತಿ?"

"ಅಕ್ಕ ಕರದಾಳ, ನೀ ಬಂದ ಮ್ಯಾಲೆನ ಆಕಿ ಉಣ್ಣಾಕಿ."

"ಶಾಣ್ಯಾಕಿ."

ನನಗೆ ಏಳೋ ಎಂಟೋ. ಸಕ್ಕರೆ ಆ ಕಾಲದಲ್ಲಿ ಮಕ್ಕಳ ಕೈಗೆ ಸಿಗುವ ವಸ್ತು ಅಲ್ಲ, ಬೆಲ್ಲವೇ ಎಲ್ಲಕ್ಕೂ. ಓಣಿಯ ತಿರುವಿನಲ್ಲಿ ಚೀಟಿ ಬಿಚ್ಚಿ ಒಂದೇ ಒಂದು ಬೆರಳು ನೆಕ್ಕಿದೆ. ಆಮೇಲೆ ಇನ್ನೊಂದು ಬೆರಳು. ಉಳಿದದ್ದನ್ನು ನೋಡಿದರೆ ಇಷ್ಟೇ ಇಷ್ಟು ಆಗಿತ್ತು. ಇಷ್ಟು ಕಡಿಮೆ ಸಕ್ಕರೆ ಹಾಕಿದರೆ ಚಿಗವ್ವ ಏನಂದುಕೊಂಡಾಳು ಅಂತ ನಾಚಿಕೆ ಆಯಿತು. ಅದಕ್ಕೆ ಅದನ್ನೂ ತಿಂದೆ. ಈಗ ಸಕ್ಕರೆಯಿಲ್ಲದೆ ಬಾಗಿಲಿಗೆ ಹೋಗುವುದು ಹೇಗೆ? ತಿರುಗಿ ಬಂದು ಮೆಲ್ಲಗೆ ಹಿತ್ತಲಿಗೆ ನುಸುಳಿದೆ. ಕುಂಕುಮ ಖಾಲಿ ಆಗಬೇಕಲ್ಲ, ಬೇವಿನ ಗಿಡಕ್ಕೆ ಬಳಿದೆ. ಗಿಡಕ್ಕೆ ಕುಂಕುಮ ಹಚ್ಚಿದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ ಅನ್ನುವಷ್ಟು ಬುದ್ಧಿ ಆಗಲೇ ಇತ್ತು ನನಗೆ, ಹುಳಾ ಬೀಳಲಿ ಆ ಬುದ್ಧಿಗೆ. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತು ಅಡ್ಡಗೋಡೆಯ ಮೇಲಿನಿಂದ ಕೂಗಿದೆ:

"ಚಿಗವ್ವಾ, ಉಣ್ಣಾಕ ಬರಬೇಕಂತ!"

ಆ ಕಡೆ ಬಳೆ ಸಪ್ಪಳ ಆಯಿತು. ನಾನು ಇಳಿದು ಓಡಿದೆ. ಹಚ್ಚಿದಿಯಾ ಅಂತ ಅವ್ವ ಕೇಳಿದಳು. ಹಚ್ಚಿದೆ ಅಂದೆ. ಸಕ್ರಿ ಕೊಟ್ಟಿಯಾ? ಕೊಟ್ಟೆ. ಏನಂದಳು? ಬರ್ತೀನಿ ಅಂದಳು ಅಂದೆ.

ಅಯ್ಯನವರು ಉಂಡರು, ಗಂಡಸರು ಉಂಡರು, ನಾನೂ ಉಂಡೆ. ಅವ್ವ ಎರಡು ಎಲೆ ಹಾಕಿ, ಎರಡರಲ್ಲೂ ಬಡಿಸಿ, ಒಂದರ ಮುಂದೆ ತಾನು ಕೂತಳು. ಬೆಳಕಿಂಡಿಯ ಬಿಸಿಲು ಬೀಸುಕಲ್ಲು ದಾಟಿತು, ಗೋಡೆ ಏರಿತು. ಆಕೆ ಎಲೆಯ ಮೇಲಿನ ನೊಣ ಹೊಡೆಯುತ್ತ ಬಾಗಿಲು ನೋಡುತ್ತಲೇ ಇದ್ದಳು. ಸಂಜೆಗೆ ಎರಡೂ ಎಲೆ ಎತ್ತಿ ಎಮ್ಮೆಯ ಮುಂದೆ ಹಾಕಿ, ನೀರು ಕುಡಿದು ಮಲಗಿದಳು. "ಹಚ್ಚಿಸಿಕೊಂಡೂ ಬರಲಿಲ್ಲ ನೋಡು, ಎಷ್ಟ ಸೊಕ್ಕು" ಅಂದದ್ದು ಒಂದೇ ಮಾತು. ಮರುದಿನ ಗೋಡೆಯ ಆ ಕಡೆಯಿಂದ ಚಿಗವ್ವ ಯಾರಿಗೋ ಹೇಳುವುದು ಕೇಳಿಸಿತು: "ಗ್ವಾಡಿ ಮ್ಯಾಲಿಂದ ಕರದ್ರ ನಾಯಿ ಹೋಗತೈತಿ, ನಾ ಹೋಗಂಗಿಲ್ಲ." ಇದೂ ಸೊಕ್ಕಿನ ಮಾತೇ ಅಂದುಕೊಂಡಳು ಅವ್ವ, ಆಕೆಗೆ ಅದರ ಅರ್ಥ ಆಗಲಿಲ್ಲ. ನನಗೆ ಆಯಿತು. ಹೇಳಬೇಕು, ಇವತ್ತು ಹೇಳಬೇಕು, ನಾಳೆ ಹೇಳಬೇಕು ಅನ್ನುತ್ತಲೇ ಇದ್ದೆ. ಮುಂದಿನ ವರ್ಷ ನಾವು ಸಿಂಧನೂರಿಗೆ ಬಂದುಬಿಟ್ಟೆವು. ಆಮೇಲೆ ಮದುವೆ ಮನೆಗಳಲ್ಲಿ ಅವರಿಬ್ಬರೂ ಎದುರಾದರೆ, "ಊಟ ಆತಾ?" "ಆತು." ಅಷ್ಟೇ ಮಾತು. ಅಪ್ಪ ಹೋದಾಗ, ಕಾಕಾ ಹೋದಾಗ ಕೂಡ ಅಷ್ಟೇ.

ನಾನು ಮಾಸ್ತರಿಕೆ ಮಾಡಿದೆ. ಹುಡುಗರ ಬಾಯಲ್ಲಿ ನನ್ನ ಹೆಸರು ಖರೇ ಟೀಚರ್. ಯಾರಿಗಾದರೂ ಒಂದು ಮಾತು ಹೇಳಿ ಬಾ ಅಂತ ಹುಡುಗರನ್ನು ಕಳಿಸುವ ಮೊದಲು ಮೂರು ಸಲ ಹೇಳಿಸುತ್ತಿದ್ದೆ, ತಿರುಗಿ ಬಂದ ಮೇಲೆ ಹೋಗಿ ವಿಚಾರಿಸುತ್ತಿದ್ದೆ. ಸುಳ್ಳು ಹೇಳಿದವರನ್ನು ನಾನು ಬಿಟ್ಟ ಇತಿಹಾಸವೇ ಇಲ್ಲ. ಎಷ್ಟು ಶಿಸ್ತಿನ ಹೆಂಗಸು ಅಂತ ಜನ ಹೊಗಳುತ್ತಿದ್ದರು. ಹೊಗಳಿದಾಗಲೆಲ್ಲ ನನಗೆ ಒಳಗೊಳಗೇ ಅಸಹ್ಯ ಆಗುತ್ತಿತ್ತು.

ಮಸ್ಕಿ ಬಂತು. ಬಸ್ ಸ್ಟ್ಯಾಂಡಿನ ಎದುರು ಒಗ್ಗಾಣಿ ಮಿರ್ಚಿ ತಿಂದೆವು. ಅವ್ವ ಎರಡು ಮಿರ್ಚಿ ತಿಂದು, ಖಾರಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡು, ಸಿಂಧನೂರಿನವರಿಗೆ ಹಿಟ್ಟು ಕಲಸಲು ಬರುವುದಿಲ್ಲ ಅಂತ ತೀರ್ಪು ಕೊಟ್ಟಳು. ಸಂತೆಯ ದಿನ, ನೆಲದ ಮೇಲೆ ಪುಂಡಿಪಲ್ಯ, ಮೆಣಸಿನಕಾಯಿ, ಗುರುಗುಂಟಾದ ಕಡೆಯಿಂದ ತಂದ ಕುರಿಗಳು. ಅವ್ವ ಮುಳ್ಳು ಬದನೆಕಾಯಿ ಕೊಂಡಳು, ಬಳೆ ಅಂಗಡಿಯ ಮುಂದೆ ಸುಮ್ಮನೆ ನಿಂತಳು, ಗುರುತು ಇಲ್ಲದವರನ್ನೂ ಯಾರ ಮನೆಯವರು ಅಂತ ಕೇಳಿದಳು. ಗುಡ್ಡ ಕಾಣುವ ಕಡೆ ಬೆರಳು ತೋರಿಸಿ, "ಅಲ್ಲಿ ಯಾವನೋ ರಾಜಾ ಕಲ್ಲಿನ ಮ್ಯಾಲೆ ಮಾತು ಕೊರಸ್ಯಾನಂತಲ್ಲ" ಅಂದಳು. ಶಾಣ್ಯಾ ರಾಜ, ಹುಡುಗರ ಕೈಯಲ್ಲಿ ಹೇಳಿ ಕಳಿಸಲಿಲ್ಲ ಅಂದುಕೊಂಡೆ ನಾನು. ನನಗೆ ನಿಜವಾಗಿ ಆ ಮನೆಗೆ ಹೋಗುವುದೇ ಬೇಡವಾಗಿತ್ತು. ಬಿಸಿಲಾತು, ತಿರುಗಿ ಹೋಗೂನು ಅಂತ ಎರಡು ಸಲ ಅಂದೆ. ಅವ್ವ ಕಿವಿ ಕೇಳದವಳ ಹಾಗೆ ನಡೆದಳು.

ಪಡಸಾಲೆಯ ನಡುವಿನ ಗೋಡೆ ಈಗ ಇಲ್ಲ. ನಮ್ಮ ಪಾಲನ್ನೂ ಕಾಕಾನೇ ತಗೊಂಡಿದ್ದ. ಆಮೇಲೆ ಹುಟ್ಟಿದ ಅವನ ಮಗ ಗೋಡೆ ಕೆಡವಿ ನೆಲಕ್ಕೆ ಟೈಲ್ಸು ಹಾಕಿಸಿದ್ದಾನೆ. ಚಿಗವ್ವ ಮಂಚದ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದಳು. ಕಿರುಬೆರಳಿನಷ್ಟು ಆಗಿದ್ದಾಳೆ. ನಮ್ಮನ್ನು ನೋಡಿ ಅಡಕತ್ತರಿ ಕೆಳಗಿಟ್ಟಳು.

"ಅಕ್ಕಾ? ಯಾರು ಸತ್ತಾರ?"

"ಯಾರೂ ಸತ್ತಿಲ್ಲ. ಸುಮ್ಮ ಬಂದೀವಿ."

 ಚಿಗವ್ವನ ಸೊಸೆ ಸುಜಾತಾ ಒಳ್ಳೆಯ ಹುಡುಗಿ, ನೀರು ತಂದಳು, ಫ್ಯಾನು ಹಾಕಿದಳು, ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು ಬಡಿಸಿದಳು. ಇಬ್ಬರು ಮುದುಕಿಯರೂ ಹಲ್ಲಿನ ಬಗ್ಗೆ, ಮಂಡಿಯ ಬಗ್ಗೆ, ಗುಳಿಗೆಯ ಬಣ್ಣದ ಬಗ್ಗೆ ಮಾತಾಡುತ್ತ ಉಂಡರು.  ಮಾತು ಹಾಗೆಯೇ ಮೊಣಕಾಲಿನಲ್ಲೇ ಉಳಿಯಲಿ ದೇವರೇ ಅಂತ ಬೇಡಿಕೊಂಡೆ. ಊಟ ಮುಗಿದು ಚಾಪೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುವಾಗ ಅವ್ವ ಸುಣ್ಣ ಸವರುತ್ತ, ತಲೆ ಎತ್ತದೆ ಕೇಳಿಯೇಬಿಟ್ಟಳು.

"ನೀಲವ್ವಾ, ನಾವಿಬ್ಬರೂ ಸಾವಿನ ದಂಡಿಗೆ ಬಂದೀವಿ. ಖರೆ ಹೇಳು. ಅವತ್ತು ಶ್ರಾವಣ ಸೋಮಾರ ಈ ಗಂಗಿ ಬಂದು ಹಣಿಗೆ ಹಚ್ಚಿದ್ಲು. ಕೈಯಾಗ ಸಕ್ರಿ ಹಾಕಿದ್ಲು. ನೀ ಬರ್ತೀನಿ ಅಂದಿ. ಯಾಕ ಬರಲಿಲ್ಲ?"

ಚಿಗವ್ವನ ಕೈಯ ಅಡಿಕೆ ಹಾಗೇ ನಿಂತಿತು. ಆಕೆ ಅವ್ವನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಚಾಪೆಯ ಎಳೆ ಕೀಳುತ್ತಿದ್ದೆ.  ಆಕೆಗೆ ಎಲ್ಲ ತಿಳಿಯಿತು ಅಂತ ನನಗೆ ತಿಳಿಯಿತು.

"ನಂದ ತಪ್ಪು ಅಕ್ಕಾ," ಅಂದಳು ಚಿಗವ್ವ. "ಹಚ್ಚಿದ್ಲು, ಖರೆ. ನನಗ ಸೊಕ್ಕು ಬಂದಿತ್ತು. ಬರಲಿಲ್ಲ."

"ನನಗ ಗೊತ್ತಿತ್ತು," ಅಂದಳು ಅವ್ವ. ಆಕೆಯ ಮುಖ ಒಮ್ಮೆಲೇ ಹಗುರಾಯಿತು. "ಆತು ಬಿಡು. ಒಪ್ಪಿಕೊಂಡೆಲ್ಲ, ಅಷ್ಟ ಸಾಕು. ಹುಡುಗು ಬುದ್ಧಿ. ನಾನೂ ಮರತೆ." ಹೀಗಂದು ಎಲೆ ಮಡಚಿ ಬಾಯಿಗಿಟ್ಟುಕೊಂಡಳು.

ಎಲ್ಲ ಮುಗಿದಿತ್ತು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು. ಅವ್ವನಿಗೆ ನೆಮ್ಮದಿ, ನನಗೆ ಬಿಡುಗಡೆ, ಸಂಜೆಯ ಬಸ್ಸಿಗೆ ಇಬ್ಬರೂ ಆರಾಮಾಗಿ ಹೊರಡಬಹುದಿತ್ತು. ಒಂದು ಕ್ಷಣ ನನಗೆ ಎಷ್ಟು ಹಾಯೆನಿಸಿತು ಅಂದರೆ, ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಆದರೆ ಚಿಗವ್ವ ಅಡಕತ್ತರಿ ಎತ್ತಿಕೊಂಡಳು, ಅಡಿಕೆ ಹಿಡಿಯಲು ಹೋದಳು, ಅದು ಜಾರಿ ಹೋಯಿತು. ಎರಡನೇ ಸಲವೂ ಜಾರಿತು. ನಾಯಿಯನ್ನು ಕರೆದ ಹಾಗೆ ಕರೆಸಿಕೊಂಡವಳು ಆಕೆ. ಆ ನೋವನ್ನು ಇಷ್ಟು ವರ್ಷ ನುಂಗಿಕೊಂಡು, ಈಗ ನನ್ನ ತಪ್ಪನ್ನೂ ತನ್ನ ತಲೆಯ ಮೇಲೆ ಹಾಕಿಕೊಂಡು ಅವ್ವನಿಂದ ಕ್ಷಮೆ ಇಸಕೊಂಡು ಕೂತಿದ್ದಾಳೆ. ನನಗೆ ತಡೆಯಲು ಆಗಲಿಲ್ಲ.

"ಸುಳ್ಳು ಅವ್ವಾ. ನಾ ಹಚ್ಚಲಿಲ್ಲ. ಬಾಗಿಲಕ್ಕ ಹೋಗಲೇ ಇಲ್ಲ. ಹಿತ್ತಲ ಗ್ವಾಡಿ ಮ್ಯಾಲಿಂದ ಒದರಿ ಓಡಿ ಬಂದೆ."

ಅವ್ವ ಅಗಿಯುವುದನ್ನು ನಿಲ್ಲಿಸಿದಳು.

"ಸಕ್ರಿ?"

"ತಿಂದೆ."

"ಕುಂಕುಮ?"

"ಬೇವಿನ ಗಿಡಕ್ಕ ಬಳದೆ."

ಒಳಗೆ ಸುಜಾತಾ ನಗು ತಡೆಯಲು ಕೆಮ್ಮಿದಳು. ಇಲ್ಲಿ ಯಾರೂ ನಗಲಿಲ್ಲ. ಅವ್ವ ಬಾಯಿಯ ಎಲೆಯನ್ನು ಅಂಗೈಗೆ ಉಗುಳಿ ಪಕ್ಕಕ್ಕಿಟ್ಟಳು. ಬಯ್ಯುತ್ತಾಳೆ ಅಂದುಕೊಂಡೆ, ಹೊಡೆದರೂ ಹೊಡೆದಾಳು ಅಂದುಕೊಂಡೆ. ಆಕೆಯ ದನಿ ಮೆತ್ತಗಿತ್ತು, ಅದು ಹೊಡೆತಕ್ಕಿಂತ ಜೋರಾಗಿ ತಾಗಿತು.

"ನಾ ಎಲಿ ಮುಂದ ಕುಂತಿದ್ದು ನೋಡಿದಿ. ನೀರು ಕುಡದು ಮಲಗಿದ್ದು ನೋಡಿದಿ. ಜನ್ಮ ಪೂರಾ ಈಕಿನ್ನ ಸೊಕ್ಕಿನಾಕಿ, ಸೊಕ್ಕಿನಾಕಿ ಅಂದದ್ದು ಕೇಳಿದಿ. ಒಂದ್ ದಿನಾನೂ ಬಾಯಿ ಬರಲಿಲ್ಲಲ್ಲಬೇ ನಿನಗ."

"ಹೆದರಿಕಿ ಅವ್ವಾ."

"ಅವಾಗ ಹೆದರಿಕಿ, ಒಪ್ಪಿದೆ. ಟೀಚರ್ ಆದಾಗ? ನಿನ್ನ ತಲಿ ಬೆಳ್ಳಗ ಆದಾಗ? ನಿಮ್ಮ ಕಾಕಾನ ಮಣ್ಣಿಗೆ ಬಂದಾಗ ಈಕಿ ನನ್ನ ಮಗ್ಗಲಾಗ ಅಳಾಕತ್ತಿದ್ಲು, ನಾ ಈಕಿ ಕೈ ಹಿಡೀಲಿಲ್ಲ. ಅವಾಗರ ಹೇಳಬಾರದಿತ್ತೇನ?"

ನಾನು ಮುಖ ಮುಚ್ಚಿಕೊಂಡು ಅತ್ತೆ. ಸತ್ಯ ಹೇಳಿದರೆ ಹಗುರಾಗುತ್ತೇವೆ ಅಂತ ಹುಡುಗರಿಗೆ ಪಾಠ ಮಾಡಿದ್ದೆ, ನನಗೇನೂ ಹಗುರಾಗಲಿಲ್ಲ. ಅವ್ವ ನನ್ನ ಕಡೆ ನೋಡುವುದನ್ನು ಬಿಟ್ಟು ಚಿಗವ್ವನ ಕಡೆ ತಿರುಗಿದಳು.

"ನೀ ಯಾಕ ನಂದ ತಪ್ಪು ಅಂದಿ ಹುಚ್ಚಿ?"

"ಕೂಸು ಹೆದರಿತ್ತಕ್ಕಾ," ಅಂದಳು ಚಿಗವ್ವ.

ಎಪ್ಪತ್ತರ ಹತ್ತಿರದ ನನ್ನನ್ನು ಆಕೆ ಕೂಸು ಅಂದಳು. ನಾನು ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಎದ್ದು ಹೋದೆ. ಕಲ್ಲಿನ ಮೇಲೆ ಕೂತು ಅಳು ನಿಲ್ಲುವವರೆಗೂ ಅತ್ತೆ. ಸುಜಾತಾ ಒಂದು ತಂಬಿಗೆ ನೀರು ತಂದಿಟ್ಟು ಏನೂ ಕೇಳದೆ ಹೋದಳು. ಒಳಗಿನಿಂದ ಮಾತು ಕೇಳಿಸುತ್ತಿತ್ತು.

"ಅವತ್ತು ನಸುಕಿಲೇ ಹೋಳಿಗಿ ವಾಸನಿ ಬಂದಿತ್ತಕ್ಕಾ. ಅಕ್ಕ ಕರಿತಾಳ ಅಂತ ನನ್ನ ಮನಸು ಹೇಳ್ತಿತ್ತು. ಜಳಕ ಮಾಡಿ, ಇಳಕಲ್ ಸೀರಿ ಉಟ್ಟು, ಬಾಗಿಲದಾಗ ಕುಂತಿದ್ದೆ."

"ಉಂಡೇನ ಅವತ್ತು?"

"ಎಲ್ಲಿ ಉಣ್ಣೂದು."

 ನಾನು ಮುಖ ತೊಳೆದು ಒಳಗೆ ಬಂದಾಗ ಚಿಗವ್ವ ಅವ್ವನ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದಳು. ಅವ್ವ ಆಕೆಯ ನಾಲ್ಕೇ ನಾಲ್ಕು ಬಿಳಿ ಕೂದಲಲ್ಲಿ ಬೆರಳಾಡಿಸುತ್ತ, ಮಬ್ಬು ಕಣ್ಣಿಗೆ ಕಾಣದ ಹೇನು ಹುಡುಕುತ್ತಿದ್ದಳು. ಇಬ್ಬರೂ ಯಾರದೋ ಮದುವೆಯಲ್ಲಿ ಬೀಗರ ಚಪ್ಪಲಿ ಕಳೆದ ಸುದ್ದಿ ಹೇಳಿಕೊಂಡು ನಗುತ್ತಿದ್ದರು. ನಾನು ಬಾಗಿಲಲ್ಲಿ ನಿಂತದ್ದು ಅವರಿಗೆ ಬೇಕೂ ಇರಲಿಲ್ಲ.

"ಅವ್ವಾ, ಬಸ್ಸಿನ ಹೊತ್ತಾತು," ಅಂದೆ.

"ನೀ ಹೋಗು. ನಾ ಇಲ್ಲೇ ಇರಾಕಿ."

"ಯಾವಾಗ ಬರ್ಲಿ ಕರಕೊಂಡು ಹೋಗಾಕ?"

"ನಾ ಹೇಳಿ ಕಳಸ್ತೀನಿ."

"ಯಾರ ಕೈಯಾಗ?"

ಆಗ ಅವ್ವ ತಲೆ ಎತ್ತಿ ನನ್ನನ್ನು ನೋಡಿದಳು. "ದೊಡ್ಡವರು ಯಾರರ ಇದ್ರ ನೋಡ್ತೀನಿ. ಸಣ್ಣ ಹುಡಿಗೇರ ಕೈಯಾಗ ಹೇಳಿ ಕಳಸಂಗಿಲ್ಲ."

ಚಿಗವ್ವ ಮಲಗಿದಲ್ಲೇ ನಕ್ಕಳು. ಅವ್ವ ನಗಲಿಲ್ಲ.

ಇದಾಗಿ ಇವತ್ತಿಗೆ ಹತ್ತೊಂಬತ್ತು ದಿನ. ಆಕೆಯ ಗುಳಿಗೆ, ಎರಡು ಸೀರೆ, ಕನ್ನಡಕ ಎಲ್ಲ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಮುಟ್ಟಿಸಿದ್ದೇನೆ. ದಿನಾ ಸಂಜೆ ಸುಜಾತಾ ಫೋನ್ ಮಾಡುತ್ತಾಳೆ, ಇಬ್ಬರೂ ಅರಾಮ ಅದಾರ, ಮುಂಜಾನಿಂದ ಒಲೀ ಮುಂದ ಕುಂತು ರೊಟ್ಟಿ ಮಾಡಾಕತ್ತಾರ, ಬ್ಯಾಡ ಅಂದ್ರ ಕೇಳವಲ್ಲರು ಅನ್ನುತ್ತಾಳೆ. ಅವ್ವನಿಗೆ ಫೋನ್ ಕೊಡು ಅಂದರೆ, ಹಿತ್ತಲಲ್ಲಿ ಇದ್ದಾಳೆ ಅಂತ ಹೇಳು ಅನ್ನುವ ಅವ್ವನ ದನಿ ನನಗೇ ಕೇಳಿಸುತ್ತದೆ. ತಾಸಿನೊಳಗಿನ ದಾರಿ, ನನಗೆ ಟಿಕೀಟಿನ ಖರ್ಚೂ ಇಲ್ಲ. ಮುಂಜಾನೆ ಎದ್ದು, ಜಳಕ ಮಾಡಿ, ಒಳ್ಳೆಯ ಸೀರೆ ಉಟ್ಟು, ಉಣ್ಣುವ ಹೊತ್ತಿನವರೆಗೂ ಬಾಗಿಲಲ್ಲಿ ಕೂತಿರುತ್ತೇನೆ. ಕರೆಯದೆ ಹೋಗುವುದು ನಮ್ಮಲ್ಲಿ ಇಲ್ಲ.